ಗಡಿ ದಾಟುವ ಬೀಡಿ, ಗಡಿಯಲ್ಲಿ ನಿಲ್ಲುವ ಹಕ್ಕು: ಕಣ್ಣೂರು, ಕಾಸರಗೋಡು ಮತ್ತು ಸೋಲಾಪುರದ ಕಾರ್ಮಿಕ ಸಂಘಟನೆ

ಬೀಡಿ ಕಟ್ಟುವ ಕಸುಬಿನಷ್ಟು ಹಗುರವಾಗಿ ಒಂದೂರಿನಿಂದ ಇನ್ನೊಂದೂರಿಗೆ ಹೋಗಬಲ್ಲ ಉದ್ಯಮಗಳು ವಿರಳ. ಅದಕ್ಕೆ ಯಂತ್ರ ಬೇಡ, ವಿದ್ಯುತ್ತು ಬೇಡ, ದೊಡ್ಡ ಕಟ್ಟಡವೂ ಬೇಡ. ಒಂದು ಮೊರ, ಒಂದು ಕತ್ತರಿ, ಎಲೆಯ ಅಳತೆಗೆ ಒಂದು ತಗಡಿನ ತುಂಡು, ಒಂದು ನೂಲಿನ ಉಂಡೆ ಇದ್ದರೆ ಸಾಕು. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುತ್ತಿ, ತುದಿ ಮಡಚಿ, ನೂಲು ಬಿಗಿದರೆ ಬೀಡಿ ಸಿದ್ಧ. ಕೂಲಿಯ ಲೆಕ್ಕ ಸಾವಿರ ಬೀಡಿಗೆ ಇಷ್ಟು ಎಂದು.

ಇದಕ್ಕೆ ಬೇಕಾದ ಸಾಮಗ್ರಿ ಯಾವುದೂ ಕಟ್ಟುವ ಊರಿನದಾಗಿರಬೇಕಿಲ್ಲ. ಎಲೆ ಬರುವುದು ಹೆಚ್ಚಾಗಿ ಮಧ್ಯಪ್ರದೇಶ, ಛತ್ತೀಸ್‌ಗಢ, ಒಡಿಶಾ ಕಡೆಯ ಕಾಡುಗಳಿಂದ. ಹೊಗೆಸೊಪ್ಪು ಬರುವುದು ಗುಜರಾತಿನಿಂದ, ನಿಪ್ಪಾಣಿಯಿಂದ. ಮಂಗಳೂರಿನಲ್ಲಾಗಲಿ ಕಣ್ಣೂರಿನಲ್ಲಾಗಲಿ ಸೋಲಾಪುರದಲ್ಲಾಗಲಿ ಬೀಡಿ ಉದ್ಯಮ ಬೆಳೆದದ್ದು ಅಲ್ಲಿನ ಮಣ್ಣಿನ ಗುಣದಿಂದಲ್ಲ, ಕಡಿಮೆ ಕೂಲಿಗೆ ದೊರೆತ ಕೈಗಳಿಂದ. ಕೂಲಿ ಏರಿದ ಕಡೆಯಿಂದ ಏರದ ಕಡೆಗೆ, ಕಾಯ್ದೆಯಿದ್ದ ಕಡೆಯಿಂದ ಇಲ್ಲದ ಕಡೆಗೆ ಕೆಲಸವನ್ನು ಸಾಗಿಸುವುದು ಮಾಲೀಕರಿಗೆ ಬಲು ಸುಲಭ. ಎರಡು ರಾಜ್ಯಗಳ ಗಡಿ ಹತ್ತಿರವಿದ್ದರಂತೂ ಒಂದು ಲಾರಿಯ ಹಾದಿ ಬದಲಾದರೆ ಸಾಕು.

ಆದ್ದರಿಂದಲೇ ಬೀಡಿ ಕಾರ್ಮಿಕರ ಹಕ್ಕಿನ ಇತಿಹಾಸವು ಬಹುಮಟ್ಟಿಗೆ ಗಡಿನಾಡಿನ ಇತಿಹಾಸವೂ ಆಗಿದೆ. ಸರಕು ಗಡಿಯನ್ನು ದಾಟುತ್ತದೆ, ಬಂಡವಾಳ ದಾಟುತ್ತದೆ. ಕೂಲಿಯ ದರ, ರಜೆಯ ಸಂಬಳ, ಹೆರಿಗೆಯ ಸೌಲಭ್ಯಗಳು ಮಾತ್ರ ಗಡಿಯಲ್ಲಿ ನಿಂತುಬಿಡುತ್ತವೆ. ಈ ತೊಡಕಿಗೆ ಕಾರ್ಮಿಕರು ತಾವೇ ಕಂಡುಕೊಂಡ ಎರಡು ಉತ್ತರಗಳನ್ನು ಇಲ್ಲಿ ವಿವರಿಸಲಾಗಿದೆ. ಒಂದು, 1969ರಲ್ಲಿ ಕಣ್ಣೂರಿನಲ್ಲಿ ಹುಟ್ಟಿದ ಸಹಕಾರ ಸಂಘ. ಮತ್ತೊಂದು, ಸೋಲಾಪುರದ ಬೀಡಿ ಹೆಂಗಸರು ಪಡೆದ ಮನೆ.

ಕಾಯ್ದೆಗೆ ಸಿಕ್ಕದ ಕೆಲಸ

ಸ್ವಾತಂತ್ರ್ಯಾನಂತರ ಕಾರ್ಮಿಕರ ರಕ್ಷಣೆಗೆ ಮುಖ್ಯ ಆಧಾರವಾಗಿದ್ದದ್ದು 1948ರ ಕಾರ್ಖಾನೆಗಳ ಕಾಯ್ದೆ. ವಿದ್ಯುತ್ ಬಳಸುವ ಸ್ಥಳದಲ್ಲಿ 10 ಮಂದಿ, ಬಳಸದ ಸ್ಥಳದಲ್ಲಿ 20 ಮಂದಿ ಕೆಲಸಕ್ಕಿದ್ದರೆ ಮಾತ್ರ ಅದು ಸಾಮಾನ್ಯವಾಗಿ ಅನ್ವಯಿಸುತ್ತಿತ್ತು. ಬೀಡಿ ಮಾಲೀಕರು ಕೆಲಸದ ಸ್ಥಳವನ್ನು ಚಿಕ್ಕಚಿಕ್ಕದಾಗಿ ಒಡೆದರು, ನಡುವೆ ಗುತ್ತಿಗೆದಾರರನ್ನು ತಂದರು, ಕೊನೆಗೆ ಕೆಲಸವನ್ನೇ ಮನೆಗಳಿಗೆ ಹಂಚಿದರು. ಕಾರ್ಮಿಕರ ಸಂಖ್ಯೆ ಸಾವಿರಗಟ್ಟಲೆ ಇದ್ದರೂ ಕಾಗದದ ಮೇಲೆ ಕಾರ್ಖಾನೆಯೇ ಇಲ್ಲವೆಂಬಂತಾಯಿತು.

ನ್ಯಾಯಾಲಯಗಳೂ ಈ ವಿಷಯದಲ್ಲಿ ಒಂದೇ ದಾರಿಯಲ್ಲಿ ನಡೆಯಲಿಲ್ಲ. ಶಂಕರ ಬಾಲಾಜಿ ವಾಜೆ ಪ್ರಕರಣದಲ್ಲಿ 1961ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತನಗೆ ಬೇಕಾದಾಗ ಬಂದು ಬೇಕಾದಾಗ ಹೋಗಬಲ್ಲ, ಕೆಲಸದ ರೀತಿಯ ಮೇಲೆ ಮಾಲೀಕನ ಹತೋಟಿಯಿಲ್ಲದ ಬೀಡಿ ಕಾರ್ಮಿಕನು ಕಾರ್ಖಾನೆಗಳ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕನಲ್ಲವೆಂದು ತೀರ್ಮಾನಿಸಿತು. ಅದೇ ಕಾಲದ ಬಿರ್ಧಿಚಂದ್ ಶರ್ಮಾ ಪ್ರಕರಣದಲ್ಲಿ ನಾಗಪುರದ ಬೀಡಿ ಕಾರ್ಖಾನೆಯವರನ್ನು ಕಾರ್ಮಿಕರೆಂದೇ ಒಪ್ಪಿತು. ಕೆಲಸ ಒಂದೇ, ಕೈ ಒಂದೇ. ಕೂತು ಕಟ್ಟುವ ವ್ಯವಸ್ಥೆ ತುಸು ಬೇರೆಯಾದರೆ ಹಕ್ಕೂ ಬೇರೆ.

ಕೆಲವು ರಾಜ್ಯಗಳು ತಮ್ಮದೇ ಕಾಯ್ದೆಗಳನ್ನು ತಂದವು. ಮದರಾಸು ರಾಜ್ಯವು 1958ರಲ್ಲಿ ಬೀಡಿ ತಯಾರಿಕೆಯ ಸ್ಥಳಗಳನ್ನು ಕುರಿತ ಕಾಯ್ದೆಯನ್ನು ಮಾಡಿತು. ಆದರೆ ಕಾಯ್ದೆ ಬಂದ ಕಡೆಯಿಂದ ಉದ್ಯಮ ಪಕ್ಕದ ರಾಜ್ಯಕ್ಕೆ ಸರಿಯತೊಡಗಿತು. ಕೊನೆಗೆ 1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ಅಂಗೀಕರಿಸಿದಾಗ, ಮಸೂದೆಯ ಉದ್ದೇಶವನ್ನು ವಿವರಿಸುವ ಟಿಪ್ಪಣಿಯಲ್ಲಿಯೇ ಈ ಸಂಗತಿಯನ್ನು ಒಪ್ಪಿಕೊಳ್ಳಲಾಗಿತ್ತು: ನಿರ್ಬಂಧವಿಲ್ಲದ ಪ್ರದೇಶಕ್ಕೆ ಈ ಉದ್ಯಮ ಸುಲಭವಾಗಿ ಜಾರಿಕೊಳ್ಳುತ್ತದೆ, ಆದುದರಿಂದ ಇಡೀ ದೇಶಕ್ಕೆ ಒಂದೇ ಕಾಯ್ದೆ ಬೇಕು.

ಹೊಸ ಕಾಯ್ದೆಯ ಪ್ರಕಾರ ಬೀಡಿ ತಯಾರಿಸುವ ಸ್ಥಳಕ್ಕೆ ಪರವಾನಿಗೆ ಬೇಕು. ಕೆಲಸದ ವೇಳೆ, ವಾರದ ರಜೆ, ಗಾಳಿ ಬೆಳಕು, ಕುಡಿಯುವ ನೀರು ಇವಕ್ಕೆಲ್ಲ ನಿಯಮಗಳುಂಟು. ದುಡಿದ 20 ದಿನಗಳಿಗೆ ಒಂದು ದಿನದಂತೆ ಸಂಬಳಸಹಿತ ರಜೆ ದೊರೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಾಲೀಕನಿಂದಲೋ ಗುತ್ತಿಗೆದಾರನಿಂದಲೋ ಎಲೆ, ಸೊಪ್ಪು ಪಡೆದು ಮನೆಯಲ್ಲಿ ಕಟ್ಟಿಕೊಡುವವರೂ ಉದ್ಯೋಗಿಗಳೇ ಎಂದು ಈ ಕಾಯ್ದೆ ಹೇಳಿತು. ಅಡುಗೆಮನೆಯ ಮೂಲೆಯಲ್ಲಿ, ಜಗಲಿಯ ಮೇಲೆ ಕುಳಿತು ಕಟ್ಟುವ ಹೆಂಗಸು ಕಾನೂನಿನ ಕಣ್ಣಿಗೆ ಬಿದ್ದದ್ದು ಹೀಗೆ.

ಆದರೆ ಇದೇ ಕಾಯ್ದೆಯ ಮೊದಲ ಕಲಮಿನಲ್ಲಿ ಒಂದು ಸಡಿಲ ಉಳಿದಿತ್ತು. ಕಾಯ್ದೆಯನ್ನು ಮಾಡಿದ್ದು ಸಂಸತ್ತಾದರೂ ಅದು ಯಾವ ದಿನದಿಂದ ಜಾರಿಗೆ ಬರಬೇಕೆಂಬುದನ್ನು ಆಯಾ ರಾಜ್ಯ ಸರಕಾರ ಅಧಿಸೂಚನೆಯ ಮೂಲಕ ನಿರ್ಧರಿಸಬೇಕಾಗಿತ್ತು. ಒಂದು ರಾಜ್ಯ ಇಂದು ಜಾರಿಗೊಳಿಸಬಹುದು, ಪಕ್ಕದ ರಾಜ್ಯ ವರ್ಷಗಟ್ಟಲೆ ತಡಮಾಡಬಹುದು. ಗಡಿಯಿಂದ ಹುಟ್ಟಿದ ತೊಂದರೆಯನ್ನು ನೀಗಲು ಬಂದ ಕಾಯ್ದೆ ಗಡಿಯನ್ನೇ ಮತ್ತೆ ಅಸ್ತ್ರವಾಗಿ ಉಳಿಸಿತು. ಆ ಅಸ್ತ್ರದ ಏಟು ಮೊದಲು ಬಿದ್ದದ್ದು ಮಲಬಾರಿನ ಮೇಲೆ.

ಒಂದೇ ಕರಾವಳಿ, ಎರಡು ರಾಜ್ಯ

1956ರ ನವೆಂಬರ್ 1ಕ್ಕೆ ಮೊದಲು ಮಂಗಳೂರು, ಕಾಸರಗೋಡು, ಕಣ್ಣೂರು ಮೂರೂ ಮದರಾಸು ರಾಜ್ಯದೊಳಗೇ ಇದ್ದವು. ಮಂಗಳೂರು ಮತ್ತು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಕಣ್ಣೂರು ಮಲಬಾರ್ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಮಂಗಳೂರು ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಹೋದವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿದ ಸಂಗತಿ ಗಡಿನಾಡಿನ ಓದುಗರಿಗೆ ತಿಳಿದದ್ದೇ. ಅಷ್ಟಾಗಿ ನೆನಪಿನಲ್ಲಿ ಉಳಿಯದ ಇನ್ನೊಂದು ಸಂಗತಿಯೆಂದರೆ, ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅದು ಕಣ್ಣೂರು ಜಿಲ್ಲೆಯ ಭಾಗ. ಹೀಗಾಗಿ ಕಣ್ಣೂರಿನ ಬೀಡಿ ಹೋರಾಟದ ಕಾಲದಲ್ಲಿ ಚಂದ್ರಗಿರಿಯ ಆಚೀಚೆಯ ಕನ್ನಡ, ತುಳು, ಬ್ಯಾರಿ, ಮಲಯಾಳಂ ಮಾತಿನ ಕಾರ್ಮಿಕರು ಒಂದೇ ಜಿಲ್ಲೆಯವರಾಗಿದ್ದರು.

ಗಡಿ ಬಂದರೂ ವ್ಯಾಪಾರದ ಹಳೆಯ ದಾರಿ ಬದಲಾಗಲಿಲ್ಲ. ಮಂಗಳೂರಿನ ದೊಡ್ಡ ಬೀಡಿ ಸಂಸ್ಥೆಗಳು ಕಣ್ಣೂರಿನ ಕಡೆಯೂ ಕೆಲಸ ನಡೆಸುತ್ತಿದ್ದವು. ಮಂಗಳೂರು ಗಣೇಶ್ ಬೀಡಿ ಅವುಗಳಲ್ಲಿ ಮುಖ್ಯವಾದದ್ದು. ಕಣ್ಣೂರಿನಲ್ಲಿ ಕೆಲಸ ಬಹುಮಟ್ಟಿಗೆ ಮನೆಗಳಲ್ಲಿರದೆ ಶೆಡ್ಡುಗಳಲ್ಲಿ ನಡೆಯುತ್ತಿದ್ದದ್ದು ಅಲ್ಲಿನ ವಿಶೇಷ. ಸಾಲಾಗಿ ಕುಳಿತು ಬೀಡಿ ಕಟ್ಟುವ ಹತ್ತಾರು ಮಂದಿಯ ನಡುವೆ ಒಬ್ಬನು ಪತ್ರಿಕೆಯನ್ನೋ ಕಾದಂಬರಿಯನ್ನೋ ಗಟ್ಟಿಯಾಗಿ ಓದುತ್ತಿದ್ದನು. ಅವನು ಓದುತ್ತಿದ್ದಷ್ಟು ಹೊತ್ತಿನ ಬೀಡಿಯನ್ನು ಉಳಿದವರು ಪಾಲು ಹಾಕಿಕೊಂಡು ಕಟ್ಟಿಕೊಡುತ್ತಿದ್ದರು. ಕೈಗೆ ಕೆಲಸ, ಕಿವಿಗೆ ಬಿಡುವು ಇರುವ ಕಸುಬಿನಲ್ಲಿ ಈ ಏರ್ಪಾಡು ಸಹಜವಾಗಿಯೇ ಬೆಳೆಯಿತು. 1930ರ ದಶಕದಿಂದಲೂ ಅಲ್ಲಿ ಕಾರ್ಮಿಕ ಸಂಘವಿತ್ತು, ಮುಷ್ಕರಗಳ ಅನುಭವವಿತ್ತು. ಒಟ್ಟಿಗೆ ಕುಳಿತು ಕೆಲಸ ಮಾಡುವ ಜಾಗವೇ ಸಂಘಟನೆಯ ತೊಟ್ಟಿಲಾಯಿತೆಂಬುದನ್ನು ಗಮನಿಸಬೇಕು. ಮನೆಮನೆಗೆ ಹಂಚಿಹೋದ ಕೆಲಸದಲ್ಲಿ ಇಂಥ ಓದು ಸಾಧ್ಯವಿಲ್ಲ. ಪಕ್ಕದ ಮನೆಯವಳಿಗೆ ಎಷ್ಟು ಕೂಲಿ ಸಿಕ್ಕಿತೆಂಬುದೂ ಎಷ್ಟೋ ಸಲ ತಿಳಿಯುವುದಿಲ್ಲ.

ಈ ಸೀಮೆಯ ಹೋರಾಟಗಳು ಒಂದೇ ಭಾಷೆಯ ಸ್ವತ್ತಾಗಿರಲಿಲ್ಲ. ಅಂದಿನ ಕಾಸರಗೋಡು ತಾಲ್ಲೂಕಿಗೆ ಸೇರಿದ್ದ ಕಯ್ಯೂರಿನ ರೈತರ ಹೋರಾಟವನ್ನು ಕುರಿತ ‘ಚಿರಸ್ಮರಣೆ’ ಕಾದಂಬರಿಯನ್ನು ನಿರಂಜನರು ಬರೆದದ್ದು ಕನ್ನಡದಲ್ಲಿ. ಕಾಸರಗೋಡು ಬಳಿಯ ಬೇವಿಂಜೆಯಲ್ಲಿ ಹುಟ್ಟಿದ ಬಿ.ವಿ. ಕಕ್ಕಿಲ್ಲಾಯರು ಮಂಗಳೂರಿನಲ್ಲಿ ಕಾರ್ಮಿಕರನ್ನು ಸಂಘಟಿಸಿದರು. ಕರ್ನಾಟಕ ಏಕೀಕರಣಕ್ಕಾಗಿಯೂ ದುಡಿದರು. ನಾಡಿನ ಗಡಿಯನ್ನು ಕುರಿತ ಹೋರಾಟ ಮತ್ತು ಕೂಲಿಯ ಹೋರಾಟ ಎರಡೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿ ಬಾಳಬಹುದೆಂಬುದಕ್ಕೆ ಅವರ ಬದುಕು ನಿದರ್ಶನ.

1968ರ ಅಕ್ಟೋಬರ್

1967ರ ಮಾರ್ಚಿನಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಎರಡನೆಯ ಮಂತ್ರಿಮಂಡಲ ಕೇರಳದಲ್ಲಿ ಅಧಿಕಾರಕ್ಕೆ ಬಂತು. 1966ರ ಬೀಡಿ ಕಾಯ್ದೆಯನ್ನು ಜಾರಿಗೆ ತರಲು ಅದು ಮುಂದಾಯಿತು. ನೆರೆಯ ಮೈಸೂರು ರಾಜ್ಯದಲ್ಲಿ ಅಂಥ ಆತುರ ಕಾಣಲಿಲ್ಲ. ಮಾಲೀಕರ ವಾದ ಸರಳವಾಗಿತ್ತು: ಕೇರಳದಲ್ಲಿ ಕಟ್ಟಿದ ಬೀಡಿಗೆ ರಜೆಯ ಸಂಬಳ, ಶೆಡ್ಡಿನ ಖರ್ಚು, ಇತರ ಸೌಲಭ್ಯಗಳ ಹೊರೆ ಕೂಡುತ್ತದೆ; ಬೇರೆಡೆ ಕಟ್ಟಿದ ಬೀಡಿಗೆ ಆ ಹೊರೆಯಿಲ್ಲ; ಎರಡೂ ಒಂದೇ ಸಂತೆಯಲ್ಲಿ ಮಾರಾಟವಾಗಬೇಕು. ಲೆಕ್ಕದ ದೃಷ್ಟಿಯಿಂದ ಈ ವಾದದಲ್ಲಿ ಹುರುಳಿರಲಿಲ್ಲವೆನ್ನಲಾಗದು. ಆದರೆ ಆ ಲೆಕ್ಕದಲ್ಲಿ ಕಳೆಯಲ್ಪಟ್ಟದ್ದು ಕಾರ್ಮಿಕನ ಪಾಲು.

1968ರ ಅಕ್ಟೋಬರಿನಲ್ಲಿ ಮಂಗಳೂರಿನ ಸಂಸ್ಥೆಗಳು ಕಣ್ಣೂರು ಜಿಲ್ಲೆಯ ತಮ್ಮ ಕೆಲಸದ ಶೆಡ್ಡುಗಳನ್ನು ಮುಚ್ಚಿದವು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಬೀಡಿ ಕಟ್ಟುವುದನ್ನು ಬಿಟ್ಟರೆ ಬೇರೆ ಕೆಲಸ ಅರಿಯದ ಕುಟುಂಬಗಳು ಬೀದಿಗೆ ಬಿದ್ದವು. ಮೆರವಣಿಗೆ, ಪಿಕೆಟಿಂಗ್, ಸಭೆಗಳು ನಡೆದವು. ಆದರೆ ಬಾಗಿಲು ಮುಚ್ಚಿ ಗಡಿಯಾಚೆಗೆ ಹೋದ ಮಾಲೀಕನ ಎದುರು ಮುಷ್ಕರದ ಬಲ ಎಷ್ಟು? ಕೆಲಸವನ್ನು ನಿಲ್ಲಿಸುವುದೇ ಮುಷ್ಕರದ ಶಕ್ತಿ. ಕೆಲಸ ಮೊದಲೇ ನಿಂತಿರುವಲ್ಲಿ ನಿಲ್ಲಿಸಲು ಏನೂ ಉಳಿಯುವುದಿಲ್ಲ. ಗಡಿನಾಡಿನ ಕಾರ್ಮಿಕರು ಆ ದಿನಗಳಲ್ಲಿ ಎದುರಿಸಿದ ಕಟು ಸತ್ಯ ಇದು.

ಕಾರ್ಮಿಕರೇ ಮಾಲೀಕರಾದ ಸಂಘ

ಇದಕ್ಕೆ ದೊರೆತ ಉತ್ತರವೇ 1969ರ ಫೆಬ್ರವರಿ 15ರಂದು ಕಣ್ಣೂರಿನಲ್ಲಿ ಆರಂಭವಾದ ಕೇರಳ ದಿನೇಶ್ ಬೀಡಿ ಕಾರ್ಮಿಕರ ಕೇಂದ್ರ ಸಹಕಾರ ಸಂಘ. ಅಂದು ಕೇರಳದ ಕೈಗಾರಿಕಾ ಮಂತ್ರಿಯಾಗಿದ್ದವರು ಟಿ.ವಿ. ತಾಮಸ್. ಸರಕಾರಿ ಅಧಿಕಾರಿಯಾಗಿದ್ದ ಜಿ.ಕೆ. ಪಣಿಕ್ಕರ್ ಸಂಘದ ಮೊದಲ ಅಧ್ಯಕ್ಷರಾಗಿ ದೀರ್ಘಕಾಲ ಅದನ್ನು ನಡೆಸಿದರು. ಷೇರು ಹಣದ ಬಹುಪಾಲನ್ನು ಸರಕಾರ ಸಾಲವಾಗಿ ಕೊಟ್ಟಿತು. ಕಾರ್ಮಿಕರು ಅದನ್ನು ಕೂಲಿಯಿಂದ ಕಂತುಕಂತಾಗಿ ತೀರಿಸಿದರು.

ಸಂಘದ ರಚನೆ ಎರಡು ಹಂತಗಳದು. ಊರುಗಳಲ್ಲಿರುವ ಪ್ರಾಥಮಿಕ ಸಂಘಗಳು ಶೆಡ್ಡುಗಳನ್ನು ನಡೆಸಿ ಬೀಡಿ ಕಟ್ಟಿಸುತ್ತವೆ. ಕೇಂದ್ರ ಸಂಘವು ಎಲೆ ಮತ್ತು ಸೊಪ್ಪನ್ನು ಸಗಟಾಗಿ ಕೊಂಡು ಹಂಚುತ್ತದೆ, ಸಿದ್ಧವಾದ ಬೀಡಿಯನ್ನು ಒಂದೇ ಹೆಸರಿನಲ್ಲಿ ಮಾರುತ್ತದೆ. ಈ ವಿಂಗಡಣೆಯ ಹಿಂದೆ ಅನುಭವವಿತ್ತು. ಬೀಡಿ ಕಟ್ಟುವ ಕಲೆ ಕಾರ್ಮಿಕರಿಗೆ ಗೊತ್ತು. ಗೊತ್ತಿಲ್ಲದ್ದು, ಮಧ್ಯಪ್ರದೇಶದ ಎಲೆ ಹರಾಜಿನಲ್ಲಿ ದರ ಕೂಗುವುದು, ಗುಜರಾತಿನ ಸೊಪ್ಪಿನ ಗುಣ ನೋಡಿ ಕೊಳ್ಳುವುದು, ದೂರದ ಅಂಗಡಿಗೆ ಸರಕು ಮುಟ್ಟಿಸುವುದು. ಮಾಲೀಕರ ನಿಜವಾದ ಬಲವಿದ್ದದ್ದು ಈ ಮೂರು ಕೆಲಸಗಳಲ್ಲಿ. ಅವನ್ನು ಕೈಗೆ ತೆಗೆದುಕೊಳ್ಳದ ಸಣ್ಣ ಸಹಕಾರ ಸಂಘಗಳು ಹುಟ್ಟಿದಷ್ಟೇ ಬೇಗ ಕಣ್ಮರೆಯಾಗುವುದುಂಟು. ದಿನೇಶ್ ಉಳಿದದ್ದಕ್ಕೆ ಕೇಂದ್ರ ಸಂಘವೇ ಮುಖ್ಯ ಕಾರಣ.

ಸಂಘದಲ್ಲಿ ರಜೆಯ ಸಂಬಳ, ಬೋನಸ್, ಭವಿಷ್ಯನಿಧಿ ಮೊದಲಾದವು ಕ್ರಮವಾಗಿ ಜಾರಿಗೆ ಬಂದವು. 1990ರ ದಶಕದ ಹೊತ್ತಿಗೆ ಅಲ್ಲಿ 30,000ಕ್ಕೂ ಹೆಚ್ಚು ಕಾರ್ಮಿಕರಿದ್ದರು. ಶೆಡ್ಡಿನ ಓದು ಮುಂದುವರಿಯಿತು. ಕ್ರಮೇಣ ಹೆಂಗಸರ ಸಂಖ್ಯೆ ಹೆಚ್ಚಿತಾದರೂ ಆಡಳಿತದ ಸ್ಥಾನಗಳಲ್ಲಿ ಅವರ ಪಾಲು ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. ಅರ್ಥಶಾಸ್ತ್ರಜ್ಞ ಟಿ.ಎಂ. ತಾಮಸ್ ಐಸಾಕ್ ಅವರು ಅಮೆರಿಕದ ರಿಚರ್ಡ್ ಫ್ರಾಂಕಿ ಮತ್ತು ಪ್ಯಾರೇಲಾಲ್ ರಾಘವನ್ ಅವರೊಡನೆ ಈ ಸಂಘವನ್ನು ಕುರಿತು ಒಂದು ಗ್ರಂಥವನ್ನೇ ರಚಿಸಿದ್ದಾರೆ.

ಕನ್ನಡ ಗಡಿನಾಡಿನ ದೃಷ್ಟಿಯಿಂದ ಈ ಯಶಸ್ಸಿಗೊಂದು ಎಲ್ಲೆಯಿದೆ. ದಿನೇಶ್ ಸಂಘದ ಬೇರು ಇಳಿದದ್ದು ಮುಖ್ಯವಾಗಿ ಕಣ್ಣೂರು ಮತ್ತು ಚಂದ್ರಗಿರಿಯ ದಕ್ಷಿಣದ ಊರುಗಳಲ್ಲಿ. ಕುಂಬಳೆ, ಮಂಜೇಶ್ವರದ ಕಡೆಯ ಕನ್ನಡ, ತುಳು, ಬ್ಯಾರಿ ಮನೆಗಳಲ್ಲಿ ಮಂಗಳೂರಿನ ಸಂಸ್ಥೆಗಳ ಕೆಲಸವೇ ಮುಂದುವರಿಯಿತು. ಅಲ್ಲಿ ಶೆಡ್ಡಿನ ಬದಲು ಜಗಲಿ, ಓದುಗನ ಬದಲು ಮೌನ, ಸಂಘದ ಬದಲು ಬೀಡಿ ಬ್ರಾಂಚು. ಆ ಮನೆಗಳ ಹೆಂಗಸರಿಗೆ ಹಕ್ಕು ಬಂದದ್ದು ಬೇರೆ ದಾರಿಯಿಂದ, ನ್ಯಾಯಾಲಯದ ಮೂಲಕ.

ಜಗಲಿಯ ಮೇಲಿನ ಹಕ್ಕು

1966ರ ಕಾಯ್ದೆಯನ್ನು ಬೀಡಿ ಮಾಲೀಕರು ಹಲವು ಉಚ್ಚ ನ್ಯಾಯಾಲಯಗಳಲ್ಲಿ ಪ್ರಶ್ನಿಸಿದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮತ್ತು ಭಾರತ ಸರಕಾರದ ನಡುವಣ ಪ್ರಕರಣದಲ್ಲಿ 1974ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಯ್ದೆಯನ್ನು ಎತ್ತಿಹಿಡಿಯಿತು. ಗುತ್ತಿಗೆದಾರನನ್ನು ನಡುವೆ ನಿಲ್ಲಿಸಿದ ಮಾತ್ರಕ್ಕೆ ಮುಖ್ಯ ಮಾಲೀಕನ ಹೊಣೆ ಕಳಚದು ಎಂಬ ತತ್ತ್ವ ಇದರಿಂದ ಗಟ್ಟಿಯಾಯಿತು. ಮುಂದೆ 1985ರಲ್ಲಿ ಪಿ.ಎಂ. ಪಟೇಲ್ ಅಂಡ್ ಸನ್ಸ್ ಪ್ರಕರಣದಲ್ಲಿ, ಗುತ್ತಿಗೆದಾರರ ಮೂಲಕ ಕೆಲಸ ಪಡೆದು ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿಯ ಹಕ್ಕುಂಟೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ಕಟ್ಟಿದ ಬೀಡಿಯನ್ನು ಪರೀಕ್ಷಿಸಿ, ಅಳತೆಗೆ ಸರಿಯಿಲ್ಲದ್ದನ್ನು ತಳ್ಳಿಹಾಕುವ ಅಧಿಕಾರ ಮಾಲೀಕನಿಗಿದೆ. ಆ ಅಧಿಕಾರವೇ ಅವನ ಹತೋಟಿಗೆ ಸಾಕ್ಷಿ ಎಂಬುದು ತೀರ್ಪಿನ ತಿರುಳು. ಶತಮಾನದ ನಡುವಿನಲ್ಲಿ ‘ಹತೋಟಿಯಿಲ್ಲ’ ಎಂದು ಸೋತಿದ್ದ ವಾದ ಇಲ್ಲಿ ಗೆದ್ದಿತು.

ಹಕ್ಕು ದೊರೆತರೂ ಅದನ್ನು ಸಾಬೀತುಪಡಿಸುವ ಹೊಣೆ ಉಳಿಯಿತು. ಮನೆಯಲ್ಲಿ ದುಡಿಯುವವಳಿಗೆ ಹಾಜರಿ ಪುಸ್ತಕವಿಲ್ಲ. ಎಲೆ ಎಷ್ಟು ಕೊಟ್ಟರು, ಬೀಡಿ ಎಷ್ಟು ಬಂತು ಎಂದು ಬರೆಯುವ ಚಿಕ್ಕ ಪುಸ್ತಕವೇ ಆಕೆ ಕಾರ್ಮಿಕೆಯೆಂಬುದಕ್ಕೆ ಆಧಾರ. ಆ ಪುಸ್ತಕ ಅತ್ತೆಯ ಹೆಸರಿನಲ್ಲಿದ್ದು ಕಟ್ಟುವುದು ಸೊಸೆಯಾದರೆ, ಸೊಸೆಯ ದುಡಿಮೆ ಯಾವ ಲೆಕ್ಕಕ್ಕೂ ಸೇರದು. ಮತ್ತೊಂದು ಉಪಾಯವೂ ಉಂಟು. ಗುತ್ತಿಗೆದಾರನು ಎಲೆ, ಸೊಪ್ಪನ್ನು ‘ಮಾರಿದಂತೆ’ ಬರೆದು, ಬೀಡಿಯನ್ನು ‘ಕೊಂಡಂತೆ’ ತೋರಿಸುತ್ತಾನೆ. ಆಗ ಆಕೆ ಕೂಲಿಯವಳಲ್ಲ, ಸ್ವಂತ ವ್ಯಾಪಾರ ಮಾಡುವವಳು! ಸ್ವಂತ ಮನೆಯಲ್ಲಿ ಸ್ವಂತಕ್ಕಾಗಿ ತಯಾರಿಸುವವರಿಗೆ ಕಾಯ್ದೆ ಅನ್ವಯಿಸದೆಂಬ ವಿನಾಯಿತಿಯನ್ನು ಹೀಗೆ ತಿರುಚಲಾಗುತ್ತದೆ. ಎಲೆ ಸಾಲದೆ ಬಂದಾಗ ಲೆಕ್ಕ ತುಂಬಿಸಲು ಕಾರ್ಮಿಕೆಯೇ ಅಂಗಡಿಯಲ್ಲಿ ಎಲೆ ಕೊಂಡು ತರಬೇಕಾಗುವುದು, ತಳ್ಳಿಹಾಕಿದ ಬೀಡಿಗೆ ಕೂಲಿ ಸಿಕ್ಕದಿರುವುದು ಈ ಕಸುಬಿನ ಹಳೆಯ ದೂರುಗಳು. ಇವುಗಳಲ್ಲಿ ಒಂದೊಂದೂ ಚಿಕ್ಕ ಮೊತ್ತದ್ದು. ಒಬ್ಬಳೇ ದೂರು ಕೊಡಲು ಹೋದರೆ ಬಸ್ಸಿನ ಖರ್ಚೂ ಹುಟ್ಟದು. ಸಂಘದ ಅಗತ್ಯ ಕಾಣುವುದು ಇಲ್ಲಿಯೇ.

ಸೋಲಾಪುರದ ಮನೆ

ಗಡಿನಾಡಿನ ಇನ್ನೊಂದು ತುದಿಯಲ್ಲಿರುವ ಸೋಲಾಪುರದಲ್ಲಿ ಇದೇ ಮನೆಗೆಲಸದ ಪ್ರಶ್ನೆ ಬೇರೊಂದು ರೂಪ ತಾಳಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಬೆಳೆದ ಹತ್ತಿ ಗಿರಣಿಗಳು ಆ ನಗರಕ್ಕೆ ತೆಲುಗು ನಾಡಿನ ನೇಕಾರರನ್ನೂ ಸುತ್ತಮುತ್ತಲ ಕನ್ನಡ ಮತ್ತು ಮರಾಠಿ ಹಳ್ಳಿಗಳ ಜನರನ್ನೂ ಸೆಳೆದವು. 1930ರ ಮೇ ತಿಂಗಳಲ್ಲಿ ಬ್ರಿಟಿಷ್ ಸರಕಾರ ಇಲ್ಲಿ ಸೈನಿಕ ಶಾಸನ ಹೇರಿತು. 1931ರ ಜನವರಿ 12ರಂದು ಗಲ್ಲಿಗೇರಿದ ನಾಲ್ವರು ಮಲ್ಲಪ್ಪ ಧನಶೆಟ್ಟಿ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರ್ಡಾ. ಈ ಹೆಸರುಗಳೇ ಊರಿನ ಬಹುಭಾಷಿಕ ಸ್ವರೂಪವನ್ನು ಹೇಳುತ್ತವೆ. ಗಿರಣಿಗಳು ಸೊರಗಿದ ಮೇಲೆ ಗಂಡಸರು ವಿದ್ಯುತ್ ಮಗ್ಗಗಳಿಗೆ ಹೋದರು. ಬೀಡಿ ಕಟ್ಟುವ ಕೆಲಸ ಹೆಂಗಸರ ಪಾಲಿನದಾಗಿ ಬೆಳೆಯಿತು. ಅವರಲ್ಲಿ ತೆಲುಗು ಮಾತಿನ ಪದ್ಮಶಾಲಿ ಕುಟುಂಬಗಳವರೇ ಹೆಚ್ಚು.

ಮನೆಯೇ ಕೆಲಸದ ಜಾಗವಾದಾಗ ಮನೆಯ ಇಕ್ಕಟ್ಟು ಕೂಲಿಯ ಇಕ್ಕಟ್ಟೂ ಆಗುತ್ತದೆ. ಬಾಡಿಗೆಯ ಒಂದೇ ಕೋಣೆಯಲ್ಲಿ ಅಡುಗೆ, ಮಕ್ಕಳ ನಿದ್ದೆ, ನೆನೆಸಿದ ಎಲೆ, ಹೊಗೆಸೊಪ್ಪಿನ ಧೂಳು ಎಲ್ಲವೂ ಒಟ್ಟಿಗೆ. ನರಸಯ್ಯ ಆಡಂ ಅವರ ನೇತೃತ್ವದ ಸಿ.ಐ.ಟಿ.ಯು. ಸಂಘಟನೆಯು ಆದುದರಿಂದ ಕೂಲಿಯ ಬೇಡಿಕೆಯ ಜೊತೆಗೆ ವಸತಿಯ ಬೇಡಿಕೆಯನ್ನು ಮುಂದಿಟ್ಟಿತು. ಕೇಂದ್ರದ ಅನುದಾನ, ರಾಜ್ಯದ ಅನುದಾನ, ಕಾರ್ಮಿಕರು ತಾವೇ ಕೂಡಿಟ್ಟ ಹಣ ಇವು ಮೂರೂ ಸೇರಿ ದಕ್ಷಿಣ ಸೋಲಾಪುರ ತಾಲ್ಲೂಕಿನ ಕುಂಭಾರಿಯಲ್ಲಿ 10,000 ಮನೆಗಳ ಬಡಾವಣೆ ಎದ್ದಿತು. ಠಾಣೆ ಜಿಲ್ಲೆಯಲ್ಲಿ ವಾರ್ಲಿ ಆದಿವಾಸಿಗಳನ್ನು ಸಂಘಟಿಸಿದ ಗೋದೂತಾಯಿ ಪರುಳೇಕರ್ ಅವರ ಹೆಸರನ್ನು ಅದಕ್ಕೆ ಇಡಲಾಯಿತು. 2006ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಆ ಮನೆಗಳನ್ನು ಹಸ್ತಾಂತರಿಸಿದರು. ಮುಂದೆ ಬೀಡಿಯವರ ಜೊತೆಗೆ ಮಗ್ಗದವರು, ಚಿಂದಿ ಆಯುವವರು, ಚಾಲಕರು, ಬೀದಿ ವ್ಯಾಪಾರಿಗಳು ಮೊದಲಾದವರನ್ನೂ ಸೇರಿಸಿಕೊಂಡು ರೇ ನಗರವೆಂಬ 30,000 ಮನೆಗಳ ಯೋಜನೆ ರೂಪುಗೊಂಡಿತು. 2019ರ ಜನವರಿಯಲ್ಲಿ ಅದಕ್ಕೆ ಶಂಕುಸ್ಥಾಪನೆ ಮಾಡಿದ ಪ್ರಧಾನಿ ನರೇಂದ್ರ ಮೋದಿ ಅವರೇ 2024ರ ಜನವರಿ 19ರಂದು 15,000 ಮನೆಗಳನ್ನು ಫಲಾನುಭವಿಗಳಿಗೆ ಒಪ್ಪಿಸಿದರು.

ಸೋಲಾಪುರದ ಈ ಸಾಧನೆಗೆ ಮನೆಯ ಸಂಖ್ಯೆಯನ್ನು ಮೀರಿದ ಅರ್ಥವಿದೆ. ಚದುರಿ ಬದುಕುತ್ತಿದ್ದ ಮನೆಗೆಲಸದ ಹೆಂಗಸರು ಒಂದೇ ಬಡಾವಣೆಯಲ್ಲಿ ಸೇರಿದರು. ಕಣ್ಣೂರಿನಲ್ಲಿ ಶೆಡ್ಡು ಮಾಡಿದ್ದ ಕೆಲಸವನ್ನು ಇಲ್ಲಿ ಬೀದಿ ಮಾಡಿತು. ಮನೆ ಆಕೆಯದಾದ ಮೇಲೆ, ಬಾಡಿಗೆದಾರಳೆಂದೋ ಹೊರಗಿನಿಂದ ಬಂದವಳೆಂದೋ ಎಬ್ಬಿಸಿ ಕಳುಹಿಸುವುದು ಸುಲಭವಲ್ಲ.

ಭಾಷೆ ಎಲ್ಲಿ ಬರುತ್ತದೆ

ಕಾರ್ಮಿಕ ಹಕ್ಕು ಬಹುಪಾಲು ಕಾಗದದ ಮೂಲಕವೇ ಕೈಸೇರುತ್ತದೆ: ಗುರುತಿನ ಚೀಟಿ, ಭವಿಷ್ಯನಿಧಿಯ ಸಂಖ್ಯೆ, ಅರ್ಜಿ, ನೋಟಿಸು. ಕನ್ನಡದಲ್ಲಿ ಕಲಿತ ಹೆಂಗಸಿಗೆ ಮಲಯಾಳದಲ್ಲೋ ಮರಾಠಿಯಲ್ಲೋ ಅಚ್ಚಾದ ಕಾಗದ ಬಂದಾಗ ಆಕೆ ಓದಿಸಿಕೊಳ್ಳಲು ಇನ್ನೊಬ್ಬರ ಬಳಿ ಹೋಗಬೇಕು. ಎಷ್ಟೋ ಸಲ ಆ ಇನ್ನೊಬ್ಬ ಗುತ್ತಿಗೆದಾರನೇ. ಶಾಲೆಯ ದಾಖಲೆಯಲ್ಲಿ ಒಂದು, ಬ್ರಾಂಚಿನ ಪುಸ್ತಕದಲ್ಲಿ ಇನ್ನೊಂದು, ಆಧಾರ್ ಚೀಟಿಯಲ್ಲಿ ಮತ್ತೊಂದು ಎಂದು ಹೆಸರಿನ ಅಕ್ಷರ ಬದಲಾದರೆ ಮೂವತ್ತು ವರ್ಷ ಕೂಡಿಟ್ಟ ಭವಿಷ್ಯನಿಧಿಯೂ ತಡೆಯಾಗಬಹುದು. ಒಂದು ಭಾಷೆಯ ಹೆಸರನ್ನು ಇನ್ನೊಂದು ಭಾಷೆಯ ಗುಮಾಸ್ತ ಕಿವಿಯಿಂದ ಕೇಳಿ ಬರೆಯುವ ಗಡಿನಾಡಿನಲ್ಲಿ ಇಂಥ ತಪ್ಪು ಸಹಜ.

ಕಾನೂನು ಇಲ್ಲಿ ಸ್ವಲ್ಪ ಆಸರೆ ನೀಡುತ್ತದೆ. ಸಂವಿಧಾನದ 350ನೆಯ ವಿಧಿಯಂತೆ ಯಾವ ವ್ಯಕ್ತಿಯಾದರೂ ಕೇಂದ್ರದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಅಹವಾಲು ಸಲ್ಲಿಸಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯು ಅಲ್ಲಿನ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶವಿತ್ತಿದೆ. ಈ ಹಕ್ಕನ್ನು ಸಾಮಾನ್ಯವಾಗಿ ಶಾಲೆ, ಪಠ್ಯಪುಸ್ತಕ, ಸರಕಾರಿ ಫಲಕಗಳ ಸಂದರ್ಭದಲ್ಲಿ ನೆನೆಯಲಾಗುತ್ತದೆ. ಕೂಲಿಯ ದೂರಿಗೂ ಪಿಂಚಣಿಯ ಅರ್ಜಿಗೂ ಅದು ಅಷ್ಟೇ ಸಲ್ಲುತ್ತದೆ. ಭಾಷಾ ಸಂಘಟನೆಗಳು ಕಾರ್ಮಿಕರ ಕಾಗದವನ್ನು ತಮ್ಮ ಕೆಲಸವೆಂದು ಎಣಿಸಿದರೆ, ಕಾರ್ಮಿಕ ಸಂಘಗಳು ಭಾಷೆಯ ಹಕ್ಕನ್ನು ತಮ್ಮ ಆಯುಧವೆಂದು ಅರಿತರೆ ಇಬ್ಬರಿಗೂ ಲಾಭ.

ಕಸುಬು ಕರಗುವ ಕಾಲ

ಇಂದು ಬೀಡಿಯ ಬೇಡಿಕೆಯೇ ಇಳಿಯುತ್ತಿದೆ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ಸಲ್ಲದೆಂದು ಕೇರಳ ಉಚ್ಚ ನ್ಯಾಯಾಲಯ 1999ರಲ್ಲಿ ತೀರ್ಪಿತ್ತಿತು. 2003ರಲ್ಲಿ ಕೇಂದ್ರದ ತಂಬಾಕು ನಿಯಂತ್ರಣ ಕಾಯ್ದೆ ಬಂತು. ಆರೋಗ್ಯದ ದೃಷ್ಟಿಯಿಂದ ಇದನ್ನು ಆಕ್ಷೇಪಿಸಲಾಗದು. ಕಟ್ಟುವವರ ಎದೆಗೂ ಆ ಧೂಳು ಒಳ್ಳೆಯದಲ್ಲ. ದಿನೇಶ್ ಸಂಘವು ಈ ಬದಲಾವಣೆಯನ್ನು ಮುಂಚೆಯೇ ಕಂಡು ಆಹಾರ ಪದಾರ್ಥ, ಕೊಡೆ, ಸಿದ್ಧ ಉಡುಪು ಮೊದಲಾದವುಗಳತ್ತ ತಿರುಗಿತು. ಕಾರ್ಮಿಕರೇ ಮಾಲೀಕರಾಗಿದ್ದುದರಿಂದ ಅಲ್ಲಿ ಹೊಸ ಕೆಲಸ ಹುಡುಕುವ ಪ್ರಯತ್ನವಾದರೂ ನಡೆಯಿತು. ಮನೆಮನೆಯ ಬೀಡಿಯವರಿಗೆ ಅಂಥ ಏರ್ಪಾಡಿಲ್ಲ. ಬ್ರಾಂಚು ಎಲೆ ಕೊಡುವ ದಿನಗಳು ಕಡಿಮೆಯಾದರೆ ಅವರ ಕೆಲಸ ಸದ್ದಿಲ್ಲದೆ ಮುಗಿಯುತ್ತದೆ.

ಕಾನೂನಿನ ಚೌಕಟ್ಟೂ ಬದಲಾಗಿದೆ. ಬೀಡಿ ಕಾರ್ಮಿಕರ ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ, ವಸತಿಗೆ ಹಣ ಒದಗಿಸುತ್ತಿದ್ದ 1976ರ ಸೆಸ್, ಜಿ.ಎಸ್.ಟಿ. ಬಂದ 2017ರಲ್ಲಿ ರದ್ದಾಯಿತು. 1966ರ ಕಾಯ್ದೆಯನ್ನು ಇತರ ಹನ್ನೆರಡು ಕಾಯ್ದೆಗಳ ಜೊತೆಗೆ ಔದ್ಯೋಗಿಕ ಸುರಕ್ಷೆಯ 2020ರ ಸಂಹಿತೆಯಲ್ಲಿ ಸೇರಿಸಲಾಗಿದ್ದು, 2025ರ ನವೆಂಬರ್ 21ರಿಂದ ಸಂಹಿತೆಗಳು ಜಾರಿಗೆ ಬಂದಿವೆ. ಸ್ವಂತ ಮನೆಯಲ್ಲಿ ಸ್ವಂತಕ್ಕೆ ತಯಾರಿಸುವವರ ವಿನಾಯಿತಿ ಅದರಲ್ಲಿಯೂ ಉಳಿದಿದೆ. ಅದನ್ನು ತಿರುಚುವ ಹಳೆಯ ದಾರಿಯೂ ತೆರೆದಿದೆ.

ಆದುದರಿಂದ ಈಗ ವಯಸ್ಸಾಗುತ್ತಿರುವ ತಲೆಮಾರಿನ ಪಾಲಿಗೆ ಉಳಿದಿರುವ ಮುಖ್ಯ ಪ್ರಶ್ನೆ ದುಡಿದ ವರ್ಷಗಳ ಲೆಕ್ಕ. ಭವಿಷ್ಯನಿಧಿಯ ಪಿಂಚಣಿ ಯೋಜನೆಯಲ್ಲಿ 2014ರಿಂದ ಇರುವ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಅದು ಸಾಲದೆಂಬುದು ನಿಜ; ಆದರೆ ಹೆಸರಿನ ತಪ್ಪಿನಿಂದಲೋ ಕಳೆದುಹೋದ ಪುಸ್ತಕದಿಂದಲೋ ಅಷ್ಟೂ ಕೈತಪ್ಪುವುದು ಇನ್ನೂ ದೊಡ್ಡ ಅನ್ಯಾಯ. ಗಡಿನಾಡಿನ ಗ್ರಂಥಾಲಯ, ಯುವಕ ಮಂಡಲ, ಭಾಷಾ ಸಂಘಗಳು ತಮ್ಮೂರಿನ ಬೀಡಿ ಪುಸ್ತಕಗಳ ಹೆಸರುಗಳನ್ನು ಆಧಾರ್ ಚೀಟಿಯೊಡನೆ ಹೋಲಿಸಿ, ತಿದ್ದುಪಡಿಯ ಅರ್ಜಿಯನ್ನು ಕನ್ನಡದಲ್ಲಿ ಬರೆದುಕೊಡುವುದರಿಂದ ಕೆಲಸವನ್ನು ಆರಂಭಿಸಬಹುದು. ಕಣ್ಣೂರಿನ ಶೆಡ್ಡಿನಲ್ಲಿ ಒಬ್ಬ ಓದುತ್ತಿದ್ದ, ಉಳಿದವರು ಅವನ ಪಾಲಿನ ಬೀಡಿ ಕಟ್ಟುತ್ತಿದ್ದರು. ಕುಂಬಳೆ, ಮಂಜೇಶ್ವರದ ಜಗಲಿಗಳಲ್ಲಿ ದುಡಿದವರಿಗೆ ಈಗ ಬೇಕಾಗಿರುವುದು ಅಂಥದೇ ಒಬ್ಬ ಓದುಗ.